ದೆಹಲಿಯಲ್ಲಿ ಸಸಿತೋಟ: ಕೈಹಾಕುವ ಮೊದಲು ತಿಳಿಯಬೇಕಾದ ಸಂಗತಿಗಳು

ಗಿಡಗಳನ್ನು ಬೆಳೆಸಿ ಮಾರುವ ಉದ್ಯೋಗ ಹೊರಗಿನಿಂದ ನೋಡುವವರಿಗೆ ಬಹಳ ಸುಲಭವಾಗಿ ಕಾಣುತ್ತದೆ. ರಸ್ತೆಯ ಬದಿಯಲ್ಲಿ ಒಂದಿಷ್ಟು ಜಾಗ, ಮೇಲೊಂದು ಹಸಿರು ಪರದೆ, ಸಾಲಾಗಿ ಜೋಡಿಸಿದ ಕುಂಡಗಳು, ಒಂದು ನೀರಿನ ಕೊಳವೆ, ಮೂಲೆಯಲ್ಲಿ ಹಗ್ಗದ ಮಂಚ. ಇಷ್ಟೇ ತಾನೆ ಎನ್ನಿಸುತ್ತದೆ. ಕಚೇರಿಯಿಂದ ಬಸ್ಸಿನಲ್ಲಿ ಮರಳುವ ಗುಮಾಸ್ತರಿಗೂ, ಓಖ್ಲಾ, ನೋಯ್ಡಾ, ಗುರುಗ್ರಾಮಗಳಲ್ಲಿ ಪಾಳಿ ಮುಗಿಸಿ ಬರುವ ನಮ್ಮ ಕೆಲಸಗಾರರಿಗೂ ಈ ನೋಟ ನಿತ್ಯದ್ದು. ಊರಿನಲ್ಲಿ ತೋಟ ಗದ್ದೆ ಕಂಡು ಬೆಳೆದವರಿಗಂತೂ, 'ಇದು ನಮಗೆ ಬಾರದ ವಿದ್ಯೆಯೇನಲ್ಲ, ಕೂಡಿಟ್ಟ ಐವತ್ತು ಸಾವಿರದಲ್ಲಿ ಆರಂಭಿಸಿಬಿಡಬಹುದು' ಎಂಬ ಆಸೆ ಹುಟ್ಟುವುದು ಸಹಜ. ಆ ಆಸೆ ತಪ್ಪಲ್ಲ. ಆದರೆ ಆ ಐವತ್ತು ಸಾವಿರ ಮಗಳ ಶಾಲೆಯದೋ ಊರಿನ ಮನೆಯ ಸೂರಿನದೋ ಆಗಿರುತ್ತದೆ. ಆದುದರಿಂದ ಅದನ್ನು ಮಣ್ಣಿಗೆ ಹಾಕುವ ಮುಂಚೆ ಕೆಲವು ವಿಷಯಗಳನ್ನು ಬಿಡಿಸಿ ಹೇಳುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಮೊದಲಿಗೆ, ಸಸಿತೋಟವೆಂಬ ಒಂದೇ ಹೆಸರಿನ ಕೆಳಗೆ ಎರಡು ಉದ್ಯೋಗಗಳಿವೆ. ಬೀಜದಿಂದಲೋ ಕಡ್ಡಿಯಿಂದಲೋ ಗಿಡವನ್ನು ತಾನೇ ಎಬ್ಬಿಸುವುದು ಒಂದು. ಬೇರೆಡೆ ಬೆಳೆದ ಗಿಡವನ್ನು ತರಿಸಿ ಮಾರುವುದು ಇನ್ನೊಂದು. ದೆಹಲಿಯ ರಸ್ತೆಬದಿಯ ಅಂಗಡಿಗಳಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಎರಡನೆಯದು. ಒಳಮನೆಯಲ್ಲಿಡುವ ಎಲೆಗಿಡಗಳು ಕಲ್ಕತ್ತೆಯ ಸುತ್ತಿನಿಂದ, ಪುಣೆಯ ಕಡೆಯಿಂದ, ಆಂಧ್ರದಲ್ಲಿ ರಾಜಮಹೇಂದ್ರಿಯ ಬಳಿಯ ಕಡಿಯಂನಿಂದ ಲಾರಿಗಳಲ್ಲಿ ಬರುತ್ತವೆ. ಮಾವಿನ ಕಸಿ ಮಲಿಹಾಬಾದ್, ಸಹಾರನ್‌ಪುರಗಳಿಂದ. ಇವೆಲ್ಲ ಅಲ್ಲಿನ ಹದವಾದ ಗಾಳಿಯಲ್ಲಿ ಬೆಳೆದು, ನೋಡಲು ಪುಷ್ಟವಾಗಿ, ಎಲೆ ಮಿರುಗುತ್ತ ಬರುತ್ತವೆ. ಎರಡು ವಾರ ಕಳೆದ ಮೇಲೆ ನೋಡಬೇಕು! ಒಣಗಾಳಿಗೆ ಅಂಚು ಸುಟ್ಟು, ಎಲೆ ಉದುರಿ, ಅರ್ಧಕ್ಕರ್ಧ ಗಿಡಗಳು ಮಾರುವಂತಿರುವುದಿಲ್ಲ. ಹೊಸಬರ ಹಣ ಮುಳುಗುವುದು ಹೆಚ್ಚಾಗಿ ಇಲ್ಲಿಯೇ. ದೆಹಲಿಯಲ್ಲಿ ಸಸಿಗಾರನ ನಿಜವಾದ ಬಂಡವಾಳವೆಂದರೆ ಜಾಗವೂ ಅಲ್ಲ, ಬೀಜವೂ ಅಲ್ಲ. ಒಂದು ಮೇ ತಿಂಗಳನ್ನೂ ಒಂದು ಜನವರಿಯನ್ನೂ ದಾಟಿ ಬದುಕಿದ ಗಿಡ.

ಇದನ್ನು ಸರಕಾರವೇ ಮೊದಲು ಕಲಿಯಬೇಕಾಯಿತೆಂಬುದು ಸ್ವಾರಸ್ಯದ ವಿಷಯ. 1911ರಲ್ಲಿ ರಾಜಧಾನಿಯನ್ನು ದೆಹಲಿಗೆ ತರುವುದೆಂದು ಸಾರಿದ ತರುವಾಯ, ಹೊಸ ನಗರದ ಬೀದಿಗಳಿಗೆ ಯಾವ ಮರ ಒಗ್ಗೀತೆಂದು ತಿಳಿಯದೆ, ಹುಮಾಯೂನನ ಗೋರಿಯ ಪಕ್ಕದಲ್ಲಿ ಒಂದು ಸಸ್ಯಕ್ಷೇತ್ರವನ್ನು ತೆರೆದರು. ಅಲ್ಲಿ ಗಿಡಗಳನ್ನು ಬೆಳೆಸಿ, ಬಿಸಿಲು ಚಳಿಗೆ ಒಡ್ಡಿ, ಉಳಿದವನ್ನು ಬೀದಿಗೆ ಕಳುಹಿಸಿದರು. ಅದೇ ಇಂದಿನ ಸುಂದರ್ ನರ್ಸರಿ. ಹಳೆಯ ಕಟ್ಟಡಗಳನ್ನೂ ತೋಟವನ್ನೂ ಜೀರ್ಣೋದ್ಧಾರ ಮಾಡಿ 2018ರಲ್ಲಿ ಸಾರ್ವಜನಿಕರಿಗೆ ತೆರೆದ ಮೇಲೆ ನಮ್ಮಲ್ಲಿ ಹಲವರು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಸ್ಥಳ. ಹೊಸ ದೆಹಲಿಯ ಬೀದಿಗಳಲ್ಲಿ ಇಂದಿಗೂ ನೆರಳು ಕೊಡುತ್ತಿರುವ ನೇರಳೆ, ಬೇವು, ಹೊಳೆಮತ್ತಿ, ಹುಣಸೆಗಳು ಆ ಕಾಲದ ಆಯ್ಕೆಯ ಫಲ. ಅವುಗಳಲ್ಲಿ ಒಂದಾದರೂ ನಮಗೆ ಅಪರಿಚಿತವಲ್ಲ.

ಆದರೆ ಪರಿಚಯವೇ ಇಲ್ಲಿ ಮೋಸ ಮಾಡುತ್ತದೆ. ಗಿಡವೆಂದರೆ ನಮ್ಮ ಕಣ್ಣಿಗೆ ಬರುವುದು ಲಾಲ್‌ಬಾಗು. 1760ರಲ್ಲಿ ಹೈದರಾಲಿ ತೊಡಗಿಸಿದ ಆ ತೋಟವನ್ನು 1908ರಿಂದ ಜರ್ಮನಿಯ ಕ್ರುಂಬಿಗಲ್ ಅವರು ಬೆಳೆಸಿದರು. ಬೆಂಗಳೂರಿನಲ್ಲಿ ಗಿಡದ ಹುಚ್ಚು ಮನೆಮನೆಗೆ ಹಬ್ಬಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಬೆಂಗಳೂರು ಮೂರು ಸಾವಿರ ಅಡಿ ಎತ್ತರದ ಊರು. ಅಲ್ಲಿ ಶಾಖ 38 ಡಿಗ್ರಿ ದಾಟುವುದೂ ಅಪರೂಪ, 12ಕ್ಕಿಂತ ಇಳಿಯುವುದೂ ಅಪರೂಪ. ದೆಹಲಿಯಲ್ಲಿ ಮೇ-ಜೂನಿನ ಮಧ್ಯಾಹ್ನ 45 ಮುಟ್ಟುತ್ತದೆ, ಜನವರಿಯ ರಾತ್ರಿ 4ಕ್ಕೆ ಇಳಿಯುತ್ತದೆ. ಊರಿನಲ್ಲಿ ಬೇಲಿಯ ಮೇಲೆ ಎಸೆದರೂ ಚಿಗುರುವ ಗಿಡ ಇಲ್ಲಿ ಉಪಚಾರ ಕೇಳುತ್ತದೆ. ಕರಿಬೇವನ್ನೇ ನೋಡಿ. ಡಿಸೆಂಬರು ಕಳೆಯುತ್ತಲೂ ಎಲೆ ಹಳದಿಯಾಗಿ, ಜನವರಿಗೆ ಬೋಳು ಕಡ್ಡಿಯಾಗಿ ನಿಲ್ಲುತ್ತದೆ. ಸತ್ತಿತೆಂದು ಕಿತ್ತೆಸೆಯುವವರು ಎಷ್ಟೋ ಮಂದಿ. ಅದು ಸತ್ತಿರುವುದಿಲ್ಲ, ನೀರನ್ನು ತೀರ ಕಡಿಮೆ ಮಾಡಿ ಸುಮ್ಮನೆ ಬಿಟ್ಟರೆ ಮಾರ್ಚಿಯಲ್ಲಿ ಬುಡದಿಂದ ತುದಿಯವರೆಗೆ ಚಿಗುರುತ್ತದೆ. ತುಳಸಿಯ ಕಥೆ ಬೇರೆ: ಕಡು ಚಳಿಗೆ ಕಪ್ಪಾಗಿ ಒಣಗಿದರೆ ಮತ್ತೆ ಏಳುವುದು ಕಷ್ಟ, ಬೀಜ ಎತ್ತಿಟ್ಟು ಮಾರ್ಚಿಯಲ್ಲಿ ಬಿತ್ತುವುದೇ ಮೇಲು. ವೀಳ್ಯದೆಲೆ, ಕನಕಾಂಬರಗಳನ್ನು ಆ ಎರಡು ತಿಂಗಳು ಗೋಡೆಯ ಮರೆಗೆ ತಂದು ರಾತ್ರಿ ಹೊದಿಸಬೇಕು.

ಆದಕಾರಣ ದೆಹಲಿಯ ಸಸಿಗಾರನ ಪಂಚಾಂಗವನ್ನು ಬೇರೆಯಾಗಿಯೇ ಕಲಿಯಬೇಕು. ಅದು ಯುಗಾದಿಯಿಂದಲ್ಲ, ಗಣೇಶನ ಹಬ್ಬ ಕಳೆದ ಮೇಲೆ ಆರಂಭವಾಗುತ್ತದೆ. ಸೆಪ್ಟೆಂಬರಿನ ನಡುವಿನಿಂದ ಅಕ್ಟೋಬರಿನ ಕೊನೆಯವರೆಗೆ ಚಳಿಗಾಲದ ಹೂಗಳ ಬಿತ್ತನೆ: ಪೆಟೂನಿಯಾ, ಪ್ಯಾನ್ಸಿ, ಡಯಾಂಥಸ್, ಕ್ಯಾಲೆಂಡುಲಾ, ಫ್ಲಾಕ್ಸ್, ಡೇಲಿಯಾ. ಹೆಸರುಗಳು ವಿಲಾಯತಿಯವಾದರೂ ಇವೇ ಇಲ್ಲಿಯ ಸಸಿಗಾರನ ಅನ್ನ. ಬಿತ್ತಿದ ನಾಲ್ಕರಿಂದ ಆರು ವಾರಗಳಲ್ಲಿ ಮಾರುವ ಸಸಿ ಸಿದ್ಧವಾಗುತ್ತದೆ. ಇಂಥ ಎಳೆಸಸಿಯನ್ನು ಇಲ್ಲಿಯವರು 'ಪನೀರಿ' ಎನ್ನುತ್ತಾರೆ. ಹಾಲಿನ ಪನೀರಿಗೂ ಇದಕ್ಕೂ ಸಂಬಂಧವಿಲ್ಲ. ಪೆಟೂನಿಯಾದ ಬೀಜ ನಶ್ಯದ ಹಾಗೆ ಸಣ್ಣದು. ಸಣ್ಣ ಮರಳಿನೊಂದಿಗೆ ಬೆರೆಸಿ ಉದುರಿಸಬೇಕು, ಮೇಲೆ ಮಣ್ಣು ಮುಚ್ಚಬಾರದು. ನೀರನ್ನು ಮೇಲಿನಿಂದ ಸುರಿಯದೆ, ತಟ್ಟೆಯನ್ನು ನೀರಿನಲ್ಲಿ ಇಟ್ಟು ಕೆಳಗಿನಿಂದ ಕುಡಿಸುವುದು ಒಳ್ಳೆಯದು. ಎರಡೆಲೆಯ ಸಸಿಗಳು ಒಂದೇ ರಾತ್ರಿಯಲ್ಲಿ ಬುಡ ಕೊಳೆತು ಮಲಗಿದರೆ ಕಾರಣ ಹತ್ತಕ್ಕೆ ಒಂಬತ್ತು ಸಲ ಅತಿಯಾದ ನೀರು ಮತ್ತು ಒತ್ತೊತ್ತಾದ ಬಿತ್ತನೆ.

ನವೆಂಬರಿನಲ್ಲಿ ಪನೀರಿ ಮಾರಾಟ. ಮಾರದೆ ಉಳಿದದ್ದನ್ನು ಕುಂಡಗಳಿಗೆ ಬದಲಿಸಿಕೊಂಡರೆ ಫೆಬ್ರವರಿಗೆ ಅರಳಿದ ಕುಂಡವಾಗಿ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಫೆಬ್ರವರಿ-ಮಾರ್ಚಿಯೇ ಸುಗ್ಗಿ. ರಾಷ್ಟ್ರಪತಿ ಭವನದ ತೋಟವನ್ನು (ಮೊಗಲ್ ತೋಟವೆಂದು ಇದ್ದ ಹೆಸರು 2023ರಿಂದ ಅಮೃತ ಉದ್ಯಾನವಾಗಿದೆ) ಜನರಿಗೆ ತೆರೆಯುವುದೂ ಆಗಲೇ. ಅದನ್ನು ನೋಡಿ ಬಂದವರಿಗೆಲ್ಲ ತಮ್ಮ ಬಾಲ್ಕನಿಯೂ ಹಾಗಾಗಬೇಕೆನ್ನಿಸುತ್ತದೆ. ಹೋಳಿ ಕಳೆದು ಹದಿನೈದು ದಿನಕ್ಕೆ ಆಟ ಮುಗಿಯಿತು. ಏಪ್ರಿಲಿನಲ್ಲಿ ಈ ಹೂಗಿಡಗಳೆಲ್ಲ ಬಾಡುತ್ತವೆ. ಮಾರ್ಚಿಯ ಕೊನೆಗೆ ಇನ್ನೂ ಇರುವುದನ್ನು ಬಂದ ಬೆಲೆಗೆ ಕೊಟ್ಟುಬಿಡುವುದು ಜಾಣತನ.

ಆಮೇಲೆ ಬರುವ ಎಪ್ಪತ್ತು ಎಂಬತ್ತು ದಿನಗಳು ಪರೀಕ್ಷೆಯವು. 'ಲೂ' ಎಂಬ ಬಿಸಿಗಾಳಿ ಬೀಸತೊಡಗಿದರೆ ಬೆಳಗ್ಗೆ ಹನಿಸಿದ ಕುಂಡ ಮಧ್ಯಾಹ್ನಕ್ಕೆ ಒಣಗುತ್ತದೆ. ಹಸಿರು ಪರದೆ ಬೇಕು, ದಿನಕ್ಕೆ ಎರಡು ಸಲ ನೀರು ಬೇಕು, ಕುಂಡಗಳನ್ನು ಒತ್ತಾಗಿ ಸೇರಿಸಿ ನೆಲವನ್ನೂ ತೋಯಿಸಬೇಕು. ಕಪ್ಪು ಪ್ಲಾಸ್ಟಿಕ್ಕಿನ ಕುಂಡ ಬಿಸಿಲಿಗೆ ಕಾದು ಬೇರನ್ನೇ ಬೇಯಿಸುತ್ತದೆ. ಮಣ್ಣಿನ ಕುಂಡ ತಂಪು. ನಿತ್ಯಪುಷ್ಪ, ಹತ್ತುಗಂಟೆ ಹೂ, ಜಿನಿಯಾ, ಕಾಗದದ ಹೂ ಈ ಬಿಸಿಲನ್ನು ಲೆಕ್ಕಿಸುವುದಿಲ್ಲ. ಇಲ್ಲಿಯವರು ಮೋತಿಯಾ ಎನ್ನುವ ದುಂಡುಮಲ್ಲಿಗೆ ಅರಳುವುದೂ ಈಗಲೇ. ಉಳಿದ ವ್ಯಾಪಾರ ಮಂದ.

ನಮ್ಮಂಥವರಿಗೆ ಇಲ್ಲೊಂದು ವಿಶೇಷ ತೊಡಕುಂಟು. ಶಾಲೆಗಳಿಗೆ ರಜೆ ಬರುವುದು, ಊರಿನಲ್ಲಿ ಮದುವೆ ಮುಂಜಿ ನಡೆಯುವುದು, ರೈಲಿನ ಟಿಕೆಟ್ಟು ತಿಂಗಳು ಮೊದಲೇ ತೆಗೆಸುವುದು, ಎಲ್ಲವೂ ಮೇ-ಜೂನಿಗೇ. ಎರಡು ವಾರ ಹುಬ್ಬಳ್ಳಿಗೋ ಉಡುಪಿಗೋ ಹೋಗಿ ಬಂದರೆ ವರ್ಷದ ದುಡಿಮೆ ಕಡ್ಡಿಯಾಗಿ ನಿಂತಿರುತ್ತದೆ. ಕೂಲಿಯವನಿಗೆ ಹೇಳಿ ಹೋಗುತ್ತೇವೆನ್ನಬಹುದು. ಅವನೂ ಬಿಹಾರಕ್ಕೋ ಬುಂದೇಲಖಂಡಕ್ಕೋ ಹೊರಟಿರುತ್ತಾನೆ! ಆದುದರಿಂದ ಈ ಉದ್ಯೋಗವನ್ನು ಒಬ್ಬರೇ ಆರಂಭಿಸುವುದನ್ನು ನಾವು ಅನುಮೋದಿಸುವುದಿಲ್ಲ. ಎರಡು ಮೂರು ಸಂಸಾರಗಳು ಸೇರಿ, ಒಬ್ಬೊಬ್ಬರು ಒಂದೊಂದು ಜಾತಿಯ ಗಿಡ ಬೆಳೆಸಿ, ಒಂದೇ ಕಡೆ ಮಾರುವ ಏರ್ಪಾಡು ಹೆಚ್ಚು ಕ್ಷೇಮ. ಲಾಲ್‌ಬಾಗಿನ ಆವರಣದಲ್ಲಿಯೇ ಸಸಿಗಾರರ ಸಹಕಾರ ಸಂಘವೊಂದು ಸದಸ್ಯರ ಗಿಡಗಳನ್ನು ಮಾರುವುದನ್ನು ಬೆಂಗಳೂರಿನವರು ಕಂಡಿರುತ್ತಾರೆ. ಚಿಕ್ಕ ಪ್ರಮಾಣದಲ್ಲಿ ಅದೇ ತತ್ತ್ವ. ಊರಿಗೆ ಹೋಗುವ ಸರದಿಯನ್ನೂ ಹಂಚಿಕೊಳ್ಳಬಹುದು.

ಜೂನ್ ಕೊನೆಗೆ ಮಳೆ ಇಳಿಯಿತೆಂದರೆ ಎಲ್ಲವೂ ಹಗುರ. ಜುಲೈ-ಆಗಸ್ಟಿನಲ್ಲಿ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ, ಗೂಟಿ ಕಟ್ಟಿದರೆ ಹಿಡಿಯುತ್ತದೆ. 1950ರಲ್ಲಿ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಮುನ್ಷಿಯವರು ಆರಂಭಿಸಿದ ವನಮಹೋತ್ಸವದ ಕಾಲವೂ ಇದೇ. ನಿಂಬೆ, ಸೀಬೆ, ಬೇವು, ಪಾರಿಜಾತಗಳನ್ನು ಕೇಳಿಕೊಂಡು ಜನ ಬರುತ್ತಾರೆ. ಹೀಗೆ ಒಂದು ಸುತ್ತು ಮುಗಿಯುತ್ತದೆ. ಈ ಒಂದು ಸುತ್ತನ್ನು ಬಾಡಿಗೆಯ ಜಾಗವಿಲ್ಲದೆ, ಕೆಲಸ ಬಿಡದೆ, ಮನೆಯ ಮುಂದೆಯೋ ಮಹಡಿಯ ಮೇಲೆಯೋ ನೂರು ಕುಂಡಗಳಲ್ಲಿ ಪೂರ್ಣ ನಡೆಸಿ ನೋಡದವರು ಹಣ ಹಾಕಬಾರದು. ಮಹಡಿಯಾದರೆ ಮನೆಯ ಯಜಮಾನರ ಒಪ್ಪಿಗೆ ಮೊದಲು. ಹತ್ತಂಗುಲದ ಕುಂಡ ನೆನೆದಾಗ ಹತ್ತು ಕಿಲೋ ತೂಗುತ್ತದೆ. ನೂರು ಕುಂಡವೆಂದರೆ ಒಂದು ಟನ್ನು. ಅದನ್ನು ಚಾವಣಿಯ ನಡುವೆ ಇಡದೆ ಗೋಡೆಗಳ ಮೇಲೆ ಭಾರ ಬೀಳುವಂತೆ ಅಂಚಿನಲ್ಲಿ ಹರಡಬೇಕು.

ಈಗ ಲೆಕ್ಕ. ಅಂಕಿಗಳು ವಿಷಯ ತಿಳಿಯಲೆಂದು ನಾವು ಹಿಡಿದುಕೊಂಡವು. ಪೇಟೆಯ ಧಾರಣೆ ಬೇರೆಯಿದ್ದೀತು. 300 ಮನಿ ಪ್ಲಾಂಟಿನ ಕುಂಡಗಳನ್ನು ತಲಾ 30 ರೂ.ಗೆ ಸಗಟಾಗಿ ಕೊಂಡು 60 ರೂ.ಗೆ ಮಾರುವುದೆಂದು ಎಣಿಸೋಣ. ಹಾಕಿದ ಹಣ 9,000 ರೂ., ಬರುವುದು 18,000 ರೂ., ಅರ್ಧಕ್ಕರ್ಧ ಲಾಭವೆಂದು ಮನಸ್ಸು ಹಿಗ್ಗುತ್ತದೆ. ಆದರೆ ಐದರಲ್ಲೊಂದು ಸತ್ತಿತು, 60 ಹೋಯಿತು. ಉಳಿದ 240ರಲ್ಲಿ ಕಾಲು ಭಾಗ ಸೊರಗಿ ಯಾರೂ ಮುಟ್ಟಲಿಲ್ಲ. ಮಾರಿದ್ದು 180, ಕೈಗೆ ಬಂದದ್ದು 10,800 ರೂ. ಮಿಕ್ಕಿದ್ದು 1,800 ರೂ.; ಇದರಲ್ಲಿಯೇ ಬಾಡಿಗೆ, ನೀರು, ಟೆಂಪೊ ಬಾಡಿಗೆ. ಅದೇ ಗಿಡವನ್ನು ತಾಯಿಬಳ್ಳಿಯಿಂದ ಕಡ್ಡಿ ಕತ್ತರಿಸಿ ತಾವೇ ಎಬ್ಬಿಸಿ, ಕುಂಡ, ಮಣ್ಣು, ಗೊಬ್ಬರ ಸೇರಿ ತಲಾ 12 ರೂ. ಬಿದ್ದಿತೆನ್ನೋಣ: ಅಷ್ಟೇ ಗಿಡ ಸತ್ತು ಅಷ್ಟೇ ಉಳಿದರೂ 7,200 ರೂ. ಮಿಗುತ್ತದೆ. ದೆಹಲಿಯಲ್ಲಿ ಹುಟ್ಟಿದ ಗಿಡ ಅಷ್ಟು ಸಾಯುವುದೂ ಇಲ್ಲ. ಕೊಂಡು ಮಾರುವವನಿಗೆ ಸಾವೇ ಬಡ್ಡಿ. ಬೆಳೆದು ಮಾರುವವನಿಗೆ ಕಾಲವೇ ಬಂಡವಾಳ. ಗುಮಾಸ್ತರ ಹತ್ತಿರ ಹಣ ಕಡಿಮೆ, ಆದರೆ ಬೆಳಗ್ಗೆ ಒಂದು ಗಂಟೆ ಕಾಲ ಸಿಕ್ಕೀತು.

ಯಾವ ಗಿಡಗಳಿಂದ ತೊಡಗಬೇಕು? ಕಡ್ಡಿಯಿಂದ ಸುಲಭವಾಗಿ ಬರುವ ಮನಿ ಪ್ಲಾಂಟು, ದಾಸವಾಳ, ದುಂಡುಮಲ್ಲಿಗೆ, ಕಾಗದದ ಹೂ. ಬುಡ ಒಡೆದು ಹೆಚ್ಚಿಸುವ ಲೋಳೆಸರ, ಸ್ಯಾನ್‌ಸೆವೀರಿಯಾ. ಗುಲಾಬಿಗೆ ಮೊದಲ ಎರಡು ವರ್ಷ ಕೈಹಾಕದಿರುವುದು ಲೇಸು. ಕಣ್ಣುಕಸಿ ಕೈಗೆ ಹತ್ತಲು ಕಾಲ ಬೇಕು. (ಗೋಧಿಯ ತಳಿಗಳಿಗೆ ಹೆಸರಾದ ಡಾ. ಬಿ. ಪಿ. ಪಾಲ್ ಅವರು ಇಲ್ಲಿಯೇ ಪೂಸಾದಲ್ಲಿದ್ದಾಗ ಗುಲಾಬಿ ತಳಿಗಳನ್ನೂ ಬೆಳೆಸಿದರೆಂಬುದು ಅನೇಕರಿಗೆ ತಿಳಿಯದು.) ಇವಲ್ಲದೆ ನಮಗೆ ಒಂದು ಅನುಕೂಲ ಇದೆ. ದೊಡ್ಡಪತ್ರೆ, ಬಸಳೆ, ಒಂದೆಲಗ, ಕರಿಬೇವು, ವೀಳ್ಯದೆಲೆ, ಕನಕಾಂಬರ: ಇವನ್ನು ಕೇಳಿಕೊಂಡು ಬರುವವರು ಕನ್ನಡಿಗರಷ್ಟೇ ಅಲ್ಲ, ರಾಮಕೃಷ್ಣಪುರಂ, ಮುನೀರ್ಕಾ, ಮಯೂರ್ ವಿಹಾರ್‌ಗಳ ತಮಿಳರು, ಮಲೆಯಾಳಿಗಳು, ತೆಲುಗರು ಎಲ್ಲರೂ. ಇಂಥ ಗಿಡಕ್ಕೆ ಪೈಪೋಟಿ ಕಡಿಮೆ. ಕರಿಬೇವಿನ ಬೀಜ ಒಣಗಿಸಿಟ್ಟರೆ ಮೊಳೆಯದು. ಕಪ್ಪಾಗಿ ಹಣ್ಣಾದದ್ದನ್ನು ಕೊಯ್ದು, ತಿರುಳು ತೊಳೆದು, ಆಗಲೇ ಬಿತ್ತಬೇಕು. ದೊಡ್ಡ ಗಿಡದ ಬೇರಿನಿಂದ ಏಳುವ ಮರಿಗಳನ್ನು ಮಳೆಗಾಲದಲ್ಲಿ ಬೇರುಸಹಿತ ಬಿಡಿಸಿಕೊಂಡರೆ ಇನ್ನೂ ಬೇಗ.

ಗಿರಾಕಿಯ ಮಾತು ಬಂದಾಗ ಹೆಸರುಗಳನ್ನೂ ಕಲಿಯಬೇಕು. ದಾಸವಾಳಕ್ಕೆ ಇಲ್ಲಿ ಗುಡಹಲ್, ಚೆಂಡುಹೂವಿಗೆ ಗೇಂದಾ, ಸೇವಂತಿಗೆಗೆ ಗುಲ್‌ದಾವೂದಿ, ಪಾರಿಜಾತಕ್ಕೆ ಹರ್‌ಸಿಂಗಾರ್, ನಂದಿಬಟ್ಟಲಿಗೆ ಚಾಂದನಿ, ಕಣಗಿಲೆಗೆ ಕನೇರ್, ಕರಿಬೇವಿಗೆ ಕಡೀಪತ್ತಾ. ಕುಂಡ ಗಮಲಾ, ಗೊಬ್ಬರ ಖಾದ್, ಕಡ್ಡಿ ಕಲಮ್. ದಪ್ಪ ಮರಳಿಗೆ ಊರಿನ ಹೆಸರಿನಿಂದಲೇ 'ಬದರ್‌ಪುರ್' ಎನ್ನುತ್ತಾರೆ. ಈ ಮಾತುಗಳು ಬಾರದಿದ್ದರೆ ಗಿರಾಕಿ ಮಾತ್ರವಲ್ಲ, ಗೊಬ್ಬರದವನೂ ಮೋಸ ಮಾಡುತ್ತಾನೆ.

ಮಣ್ಣಿಗೆ ಹೆಚ್ಚು ಹೇಳಬೇಕಾದದ್ದಿಲ್ಲ: ತೋಟದ ಮಣ್ಣು ಎರಡು ಪಾಲು, ಹಳೆಯ ಸಗಣಿಗೊಬ್ಬರ ಒಂದು ಪಾಲು, ಎಲೆಗೊಬ್ಬರ ಒಂದು ಪಾಲು, ಹಿಡಿ ಬೇವಿನ ಹಿಂಡಿ, ಬಿಗಿಯಾದರೆ ಸ್ವಲ್ಪ ಬದರ್‌ಪುರ್. ಎಲೆಗೊಬ್ಬರಕ್ಕೆ ಹಣ ಕೊಡಬೇಕಾಗಿಲ್ಲ. ದೆಹಲಿಯಲ್ಲಿ ಎಲೆ ಸುಡುವುದು ನಿಷಿದ್ಧ. ಬಡಾವಣೆಯ ಉದ್ಯಾನದವರು ಗುಡ್ಡೆ ಹಾಕಿದ ಎಲೆಯನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಗೋಣಿಯಲ್ಲಿ ತುಂಬಿ ನೆನೆಸಿ ಆರೆಂಟು ತಿಂಗಳು ಬಿಟ್ಟರಾಯಿತು.

ನೀರಿನ ವಿಷಯ ಹಾಗಲ್ಲ. ದ್ವಾರಕಾ, ನಜಫ್‌ಗಢದ ಕಡೆ ಕೊಳವೆಬಾವಿಯ ನೀರು ಉಪ್ಪು; ಕುಂಡದ ಹೊರಮೈಗೆ ಬಿಳಿ ಪೊರೆ ಕಟ್ಟಿ, ಎಲೆಯ ತುದಿ ಕಂದಾದರೆ ಅದೇ ಗುರುತು. ಅನುಮತಿಯಿಲ್ಲದೆ ಕೊಳವೆಬಾವಿ ತೋಡುವಂತೆಯೂ ಇಲ್ಲ. ಕುಡಿಯುವ ನೀರನ್ನು ಶುದ್ಧಿಮಾಡುವ ಆರ್.ಓ. ಯಂತ್ರದಿಂದ ಹೊರಬರುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರುಂಟು. ಅದರಲ್ಲಿ ಉಪ್ಪು ಇನ್ನೂ ಹೆಚ್ಚು, ನೆಲ ಒರೆಸಲು ಸರಿ, ಸಸಿಗೆ ಬೇಡ. ಬದಲಾಗಿ ಬೇಸಿಗೆಯಲ್ಲಿ ಏರ್ ಕಂಡೀಷನರಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ನೆರೆಯವರ ಯಂತ್ರದ ಕೆಳಗೆ ಒಂದು ಬಕೀಟು ಇಡಲು ಕೇಳಿದರೆ ಯಾರೂ ಇಲ್ಲವೆನ್ನಲಾರರು. ಜಾಗ ಹಿಡಿಯುವ ಮೊದಲು ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಬೇಕು. ನಜಫ್‌ಗಢದ ಬಳಿಯ ಉಜ್ವಾದಲ್ಲಿ, ಗುರುಗ್ರಾಮದ ಶಿಕೋಪುರದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಸಲಹೆ ಕೇಳಲು ಸಂಕೋಚ ಬೇಡ. ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ಚಳಿಗಾಲದ ಕೊನೆಗೆ ಕೃಷಿ ವಿಜ್ಞಾನ ಮೇಳ ನಡೆಯುತ್ತದೆ. ಬಿಹಾರದ ಪೂಸಾದಲ್ಲಿದ್ದ ಸಂಸ್ಥೆ 1934ರ ಭೂಕಂಪದಲ್ಲಿ ಕುಸಿದು 1936ರಲ್ಲಿ ದೆಹಲಿಗೆ ಬಂದಾಗ ಊರಿನ ಹೆಸರನ್ನೂ ಹೊತ್ತು ತಂದಿತು. ವಲಸೆ ಬಂದವರೆಲ್ಲ ಮಾಡುವ ಕೆಲಸವೇ ಅದು. ಅವರು ಹೊರತಂದ 'ಪೂಸಾ ನಾರಂಗಿ', 'ಪೂಸಾ ಬಸಂತಿ' ಚೆಂಡುಹೂ ತಳಿಗಳ ಬೀಜವನ್ನು ಮೇಳದಲ್ಲಿ ವಿಚಾರಿಸಿ ನೋಡಬಹುದು.

ಇನ್ನು ಜಾಗ. ಎಲ್ಲಕ್ಕಿಂತ ದೊಡ್ಡ ಗಂಡಾಂತರ ಇಲ್ಲಿದೆ. ರಸ್ತೆಬದಿಯ, ನಾಲೆಯ ದಂಡೆಯ, ಸೇತುವೆಯ ಕೆಳಗಿನ ಜಾಗಗಳು ಬಹುಮಟ್ಟಿಗೆ ಸರಕಾರದವು. ಯಾರೋ ಒಬ್ಬ 'ಪ್ರಧಾನ'ನೆನ್ನಿಸಿಕೊಂಡವನು ತಿಂಗಳ ಬಾಡಿಗೆ ವಸೂಲುಮಾಡುತ್ತಾನೆ, ರಸೀದಿ ಕೊಡುವುದಿಲ್ಲ. ತೆರವು ಮಾಡಿಸುವ ದಿನ ಅವನು ಅಲ್ಲಿರುವುದಿಲ್ಲ, ನಿಮ್ಮ ಕುಂಡಗಳಿರುತ್ತವೆ. ಯಮುನೆಯ ತಗ್ಗಿನ ಜಾಗ ಅಗ್ಗವಾಗಿ ಸಿಗುತ್ತದೆ, ಮಣ್ಣೂ ಒಳ್ಳೆಯದು; ಆದರೆ 2023ರ ಜುಲೈ 13ರಂದು ನದಿ 208.66 ಮೀಟರಿಗೆ ಏರಿ, 1978ರ 207.49 ಮೀಟರಿನ ದಾಖಲೆಯನ್ನು ಮುರಿದಾಗ ಆ ತಗ್ಗಿನ ಹೊಲಗಳೂ ಸಸಿತೋಟಗಳೂ ನೀರಿನಡಿಗೆ ಹೋದವು. ಗಿಡಕ್ಕೆ ಕಾಲಿಲ್ಲ. ಮಾಲೀಕನ ಹೆಸರು ಕಂದಾಯದ ಕಾಗದದಲ್ಲಿ ಕಂಡು, ಕನಿಷ್ಠ ಮೂರು ವರ್ಷದ ಬರಹದ ಕರಾರು ಸಿಗುವ ಖಾಸಗಿ ಹೊಲದ ಮೂಲೆ ದೂರವಾದರೂ ಮೇಲು. ಬೆಳೆಯುವುದು ಅಲ್ಲಿ, ಮಾರುವುದು ತಳ್ಳುಗಾಡಿಯಲ್ಲಿ ಎಂಬುದು ಬಡವರಿಗೆ ಒಪ್ಪುವ ಏರ್ಪಾಡು. ಬೀದಿ ವ್ಯಾಪಾರಿಗಳ ಬಗ್ಗೆ 2014ರಲ್ಲಿ ಆದ ಕೇಂದ್ರ ಕಾಯಿದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯ ಮೂಲಕ ಪ್ರಮಾಣಪತ್ರ ಪಡೆಯಬಹುದು. ಅದನ್ನು ಪಡೆದವರ ಗಾಡಿಯನ್ನು ಮನಬಂದಂತೆ ಎತ್ತಿಸುವಂತಿಲ್ಲ.

ಕೇಂದ್ರ ಸರಕಾರದ ಕಚೇರಿಗಳಲ್ಲಿರುವ ನಮ್ಮ ಓದುಗರು ಒಂದು ಮಾತನ್ನು ಗಮನಿಸಬೇಕು. 1964ರ ನಡತೆಯ ನಿಯಮಗಳಲ್ಲಿ 15ನೆಯದು, ಮುಂಚಿತವಾಗಿ ಅನುಮತಿಯಿಲ್ಲದೆ ನೌಕರನು ನೇರವಾಗಲಿ ಪರೋಕ್ಷವಾಗಲಿ ವ್ಯಾಪಾರದಲ್ಲಿ ತೊಡಗಬಾರದೆನ್ನುತ್ತದೆ. 'ಮನೆಯವರ ಹೆಸರಿನಲ್ಲಿ ಮಾಡಿದರಾಯಿತು' ಎಂಬ ಉಪಾಯ ಎಲ್ಲರ ಬಾಯಲ್ಲೂ ಇದೆ. ಹೆಂಡತಿ ನಿಜವಾಗಿಯೂ ತಾನೇ ನಡೆಸುವುದಾದರೆ ಅಡ್ಡಿಯಿಲ್ಲ, ಆದರೆ ಅದನ್ನು ಕಚೇರಿಗೆ ಬರೆದು ತಿಳಿಸಬೇಕೆಂದೂ, ನೌಕರನು ಆ ವ್ಯಾಪಾರಕ್ಕಾಗಿ ಗಿರಾಕಿಗಳನ್ನು ಹಿಡಿಯಬಾರದೆಂದೂ ಅದೇ ನಿಯಮ ಹೇಳುತ್ತದೆ. ಪಕ್ಕದ ಮೇಜಿನವರಿಗೆ ಕುಂಡ ಮಾರಲು ಹೋಗಿ ಪಿಂಚಣಿಗೆ ಕುತ್ತು ತಂದುಕೊಳ್ಳುವುದು ಯಾರಿಗೂ ಬೇಡ.

ತೆರಿಗೆಯ ಕಾಟ ಇದರಲ್ಲಿ ಕಡಿಮೆ. ಜೀವಂತ ಗಿಡಗಳಿಗೆ ಜಿ.ಎಸ್.ಟಿ. ಇಲ್ಲ, ಪ್ಲಾಸ್ಟಿಕ್ ಕುಂಡ ಮೊದಲಾದವಕ್ಕೆ ಉಂಟು. ಸಸಿತೋಟದಲ್ಲಿ ತಾವೇ ಬೆಳೆಸಿದ ಸಸಿಗಳಿಂದ ಬರುವ ಆದಾಯವನ್ನು ಕೃಷಿ ಆದಾಯವೆಂದು ಎಣಿಸುವ ವಿವರಣೆಯನ್ನು 2008ರ ಹಣಕಾಸು ಕಾಯಿದೆ ಸೇರಿಸಿತು. ಲಾರಿಯಲ್ಲಿ ತರಿಸಿ ಮಾರಿದ್ದಕ್ಕೆ ಆ ಮಾತನ್ನು ಎಳೆಯಲು ಬಾರದು. ಹಣ್ಣಿನ ಕಸಿಗಿಡ ಮಾರಲು ಹರಿಯಾಣ, ಉತ್ತರಪ್ರದೇಶಗಳಲ್ಲಿ ಪರವಾನಗಿ ಕೇಳುತ್ತಾರೆ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸದೆ ಮಾವಿನ ಕಸಿಗೆ ಹೋಗಬೇಡಿ. ಸಾಲ ಬೇಕೆನ್ನುವವರಿಗೆ 2015ರಿಂದ ನಡೆದಿರುವ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ 50,000 ರೂ.ವರೆಗೆ ಒತ್ತೆಯಿಲ್ಲದೆ ದೊರೆಯುತ್ತದೆ. ಒಂದು ಬೇಸಿಗೆ ದಾಟದವರು ಅದನ್ನು ತೆಗೆಯಬಾರದೆಂದು ನಮ್ಮ ಸಲಹೆ.

ಗಿರಾಕಿಗೆ ಸುಳ್ಳು ಹೇಳುವ ಚಾಳಿಯೂ ಈ ವ್ಯಾಪಾರದಲ್ಲಿ ಹೆಚ್ಚಾಗಿದೆ. ನವೆಂಬರಿನ ಹೊಗೆ ಕವಿದಾಗ, 'ಈ ನಾಲ್ಕು ಗಿಡ ಇಟ್ಟರೆ ಕೋಣೆಯ ಗಾಳಿ ಶುದ್ಧ' ಎಂದು ಅರೆಕಾ ತಾಳೆ, ಸ್ಯಾನ್‌ಸೆವೀರಿಯಾಗಳನ್ನು ದುಬಾರಿಗೆ ಮಾರುತ್ತಾರೆ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮೂಲ. ಅದು ಮುಚ್ಚಿದ ಪೆಟ್ಟಿಗೆಯೊಳಗೆ ನಡೆದದ್ದು. ಅಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಇಬ್ಬರು ವಿಜ್ಞಾನಿಗಳು ಲೆಕ್ಕಹಾಕಿದಾಗ, ಕಿಟಕಿ ತೆರೆದರೆ ಆಗುವಷ್ಟು ಪರಿಣಾಮಕ್ಕೂ ಕೋಣೆಯ ತುಂಬ ಗಿಡ ತುಂಬಬೇಕಾದೀತೆಂದು ಕಂಡುಬಂತು. ಗಿಡ ಚೆಲುವಾಗಿದೆ, ಕಣ್ಣಿಗೆ ತಂಪು ಎಂದು ಹೇಳಿ ಮಾರಿದರೆ ಸಾಕು. ಮಾರಿದ ಗಿಡವನ್ನು ತಿಂಗಳಿಗೊಮ್ಮೆ ಹೋಗಿ ನೋಡಿ, ಕುಂಡ ಬದಲಿಸಿ, ಹಿಟ್ಟುತಿಗಣೆಗೆ ಬೇವಿನ ಎಣ್ಣೆ ಸಿಂಪಡಿಸಿ ಬರುವ ಕೆಲಸಕ್ಕೆ ಫ್ಲಾಟುಗಳಲ್ಲಿರುವವರು ತಿಂಗಳ ಸಂಬಳದಂತೆ ಹಣ ಕೊಡುತ್ತಾರೆ. ಮಂದಗತಿಯ ಮೇ-ಜೂನಿನಲ್ಲಿ ಕೈ ಹಿಡಿಯುವುದು ಇದೇ.

ಹಣವಿಲ್ಲದೆ ಆರಂಭಿಸಬೇಕೆನ್ನುವವರಿಗೆ ಸೇವಂತಿಗೆಯನ್ನು ಸೂಚಿಸುತ್ತೇವೆ. ನವೆಂಬರು-ಡಿಸೆಂಬರಿನಲ್ಲಿ ಹೂಬಿಟ್ಟ ಕುಂಡಗಳನ್ನು ಜನವರಿಯಲ್ಲಿ ಜನರು ಕಸಕ್ಕೆ ಹಾಕುತ್ತಾರೆ. ಅವನ್ನು ಕೇಳಿ ತನ್ನಿ. ನಾಲ್ಕೈದು ಅಂಗುಲ ಬಿಟ್ಟು ಕತ್ತರಿಸಿ, ಬಿಸಿಲಿಗಿಡಿ. ಬುಡದಿಂದ ಮರಿಗಳು ಏಳುತ್ತವೆ. ಫೆಬ್ರವರಿಯಲ್ಲಿ ಅವನ್ನು ಬಿಡಿಸಿ ಸಣ್ಣ ಕುಂಡಗಳಿಗೆ ಹಾಕಿ, ಬೇಸಿಗೆಯಲ್ಲಿ ಪರದೆಯ ನೆರಳಿನಲ್ಲಿ ಉಳಿಸಿಕೊಳ್ಳಿ. ಮಳೆ ಬಿದ್ದ ಮೇಲೆ ತುದಿಯಿಂದ ಮೂರಂಗುಲದ ಕಡ್ಡಿ ತೆಗೆದು ಮರಳಿನಲ್ಲಿ ನೆಟ್ಟರೆ ಮೂರು ವಾರಕ್ಕೆ ಬೇರು. ಆಗಸ್ಟಿನ ಕೊನೆಯವರೆಗೆ ಕುಡಿ ಚಿವುಟುತ್ತ ಬಂದರೆ ಗಿಡ ಪೊದೆಯಾಗುತ್ತದೆ, ಆಮೇಲೆ ಚಿವುಟಬಾರದು. ರಾತ್ರಿ ನೀಳವಾದಂತೆ ಮೊಗ್ಗು ಕಟ್ಟುವ ಜಾತಿ ಇದು. ಆದುದರಿಂದ ಸೆಪ್ಟೆಂಬರಿನಿಂದ ಮುಂದೆ ಕುಂಡಗಳನ್ನು ಬೀದಿದೀಪದ ಕೆಳಗೆ ಮಾತ್ರ ಇಡಬೇಡಿ. ರಾತ್ರಿಯೆಲ್ಲ ಬೆಳಕು ಬಿದ್ದರೆ ಮೊಗ್ಗು ತಡವಾಗಿ, ದೀಪಾವಳಿಯ ಗಿರಾಕಿ ಬಂದಾಗ ಬರಿಯ ಎಲೆ ತೋರಿಸಬೇಕಾದೀತು.